ಸಕ್ಕರೆ ಅಚ್ಚು: ಒಂದೇ ಪಾಕದಲ್ಲಿ ನಾಲ್ಕು ಜೊತೆ ತುಂಬಿದ ನನ್ನ ಅನುಭವ

ಒಂದು ಸಲ ಕಾಯಿಸಿದ ಪಾಕದಲ್ಲಿ ಒಂದೇ ಜೊತೆ ಅಚ್ಚು (ಎರಡು ಮರದ ಹಲಗೆ ಸೇರಿ ಒಂದು ಜೊತೆ) ತುಂಬಬೇಕು, ಎರಡನೆಯದಕ್ಕೆ ಹೋಗೋಷ್ಟರಲ್ಲಿ ಪಾಕ ಪಾತ್ರೆಯಲ್ಲೇ ಗಟ್ಟಿಯಾಗಿರುತ್ತೆ. ಇದು ಸಕ್ಕರೆ ಅಚ್ಚು ಮಾಡೋರೆಲ್ಲ ಒಪ್ಪಿಕೊಂಡಿರೋ ಮಾತು. ನಾನೂ ಬಹಳ ವರ್ಷ ಒಪ್ಪಿಕೊಂಡೇ ಇದ್ದೆ. ಈ ಸಂಕ್ರಾಂತಿಗೆ ಅರ್ಧ ಕೆಜಿ ಸಕ್ಕರೆಯ ಪಾಕವನ್ನು ಒಮ್ಮೆಗೇ ಕಾಯಿಸಿ ನಾಲ್ಕು ಜೊತೆ ತುಂಬಿದೆ. ಬಿಡಿಸಿದಾಗ ಗಿಳಿಯ ಕೊಕ್ಕು ಕೊಕ್ಕಾಗಿಯೇ ಇತ್ತು, ಆನೆಯ ಸೊಂಡಿಲು ಮುರಿದಿರಲಿಲ್ಲ, ಬಣ್ಣ ಅಚ್ಚ ಬಿಳಿ. ನಾಲ್ಕೈದು ವರ್ಷದಿಂದ "ಇದೆಲ್ಲ ಆಗೋ ಮಾತಲ್ಲ ಕಣೇ" ಅನ್ನುತ್ತಿದ್ದ ನಮ್ಮತ್ತೆ ಒಂದು ತುಳಸಿಕಟ್ಟೆಯನ್ನು ಕೈಗೆ ತಗೊಂಡು, ಬೆಳಕಿಗೆ ಹಿಡಿದು, "ಅಂಗಡೀದಾ?" ಅಂದರು. ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ನನಗೆ ಬೇಕಿಲ್ಲ.

ಇದನ್ನು ಓದೋರು ಒಮ್ಮೆಯಾದರೂ ಅಚ್ಚು ಮಾಡಿರುತ್ತೀರಿ ಅಂದುಕೊಂಡೇ ಬರೀತಿದ್ದೀನಿ. ಮರದ ಅಚ್ಚನ್ನು ಹಿಂದಿನ ರಾತ್ರಿಯೇ ನೀರಲ್ಲಿ ನೆನೆಹಾಕೋದು, ಹಾಲು ಹಾಕಿ ಸಕ್ಕರೆಯ ಕೊಳೆ ತೆಗೆಯೋದು, ಒದ್ದೆ ಪಂಚೆಬಟ್ಟೆಯಲ್ಲಿ ಸೋಸೋದು, ಜೋಡಿ ಹಲಗೆಗೆ ರಬ್ಬರ್ ಬ್ಯಾಂಡ್ ಬಿಗಿಯೋದು, ಇದನ್ನೆಲ್ಲ ಮೊದಲಿನಿಂದ ವಿವರಿಸೋಕೆ ಹೋಗಲ್ಲ.

ಯಾಕೆ ಇಷ್ಟು ಹಟ ಹಿಡಿದೆ ಅಂದರೆ, ದುಡ್ಡು ಮತ್ತು ಸೊಂಟ. ನಮ್ಮಲ್ಲಿ ಎಳ್ಳು ಬೀರೋ ಮನೆಗಳು ಐವತ್ತಕ್ಕೆ ಕಡಿಮೆ ಇಲ್ಲ. ಮೇಲಾಗಿ ಎರಡು ವರ್ಷದ ಹಿಂದೆ ಅಣ್ಣನ ಮಗಳ ಮದುವೆಯಾಗಿ, ಅವಳದು ಐದು ವರ್ಷ ಬಾಳೆಹಣ್ಣು ಬೀರೋ ಲೆಕ್ಕ ಶುರುವಾಯಿತು. ಅವಳ ತಟ್ಟೆಗೂ ಅಚ್ಚು ನಮ್ಮ ಮನೆಯಿಂದಲೇ. ಒಟ್ಟು ಮೂರು ಕೆಜಿ ಹತ್ತಿರ ಬೇಕು. ಹಬ್ಬದ ಹಿಂದಿನ ವಾರ ಇಲ್ಲೇ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ಕೇಳಿದರೆ ಕೆಜಿಗೆ ಮುನ್ನೂರೈವತ್ತರ ಆಸುಪಾಸು, ಚೆನ್ನಾಗಿರೋದಕ್ಕೆ ನಾನೂರು. ಸಕ್ಕರೆ ಕೆಜಿಗೆ 45 ರೂಪಾಯಿ ಇರೋವಾಗ ಇದು ಹೊಟ್ಟೆಗೆ ಬೆಂಕಿ ಬೀಳೋ ಬೆಲೆ ಅನ್ನಿಸುತ್ತೆ. ಆದರೆ ಹಳೇ ಪದ್ಧತಿಯಲ್ಲಿ ಒಂದು ಕೆಜಿ ಮಾಡಿ ನೋಡಿ, ಅಂಗಡಿಯವರು ಕೇಳೋದು ನ್ಯಾಯ ಅನ್ನಿಸಿಬಿಡುತ್ತೆ. ಎರಡೆರಡೇ ಸೌಟು ಪಾಕ, ಒಂದೊಂದು ಕಾಯಿಸುವಿಕೆ, ಪ್ರತಿ ಸಲ ಪಾತ್ರೆ ತೊಳೆಯೋದು. ಮಧ್ಯಾಹ್ನ ಊಟ ಮುಗಿಸಿ ಕೂತರೆ ದೀಪ ಹಚ್ಚೋ ಹೊತ್ತಿಗೂ ಮುಗಿಯಲ್ಲ.

ಆ ಹಳೇ ಪದ್ಧತಿ ಗೊತ್ತಲ್ಲ. ಹಿಡಿ ಇರೋ ಸಣ್ಣ ಪಾತ್ರೆಯಲ್ಲಿ ಎರಡು ಸೌಟು ಪಾಕ, ಅದು ನೊರೆನೊರೆಯಾಗಿ ಮೇಲೆದ್ದಾಗ ಮರದ ಸೌಟಿನಿಂದ ಪಾತ್ರೆಯ ಗೋಡೆಗೆ ಉಜ್ಜಬೇಕು. ಬೆಳ್ಳಗೆ ತಿರುಗೋಕೆ ಶುರುವಾದ ಕ್ಷಣ ಅಚ್ಚಿಗೆ ಸುರಿಯಬೇಕು. ಹತ್ತು ಸೆಕೆಂಡು ಮುಂಚೆ ಸುರಿದರೆ ಅಚ್ಚಿನೊಳಗೆ ಅಂಟಂಟಾಗಿ ಕೂರುತ್ತೆ, ಬಿಡಿಸಿದರೆ ಅರ್ಧ ಕುದುರೆ ಹಲಗೆಯಲ್ಲೇ ಉಳಿಯುತ್ತೆ. ಹತ್ತು ಸೆಕೆಂಡು ತಡವಾದರೆ ಪಾತ್ರೆಯಲ್ಲೇ ಪುಡಿ. ಆ ಪುಡಿಯನ್ನು ಮತ್ತೆ ನೀರು ಹಾಕಿ ಕರಗಿಸಿ ಕಾಯಿಸಿದರೆ ಬಣ್ಣ ಹಳದಿಗೆ ತಿರುಗುತ್ತೆ. ಒಂದು ಸಲ ಕರಗಿಸಬಹುದು, ಎರಡನೇ ಸಲ ಅನುಮಾನ, ಮೂರನೆಯದು ಕಾಫಿಗೆ. ಒಂದು ವರ್ಷವಂತೂ ಹಬ್ಬ ಮುಗಿದು ಶಿವರಾತ್ರಿಯವರೆಗೂ ನಮ್ಮ ಮನೆ ಕಾಫಿಗೆ ಅಚ್ಚಿನ ಸಕ್ಕರೆಯೇ. ಹಾಳಾಗಿದ್ದು ಹೆಚ್ಚುಕಡಿಮೆ ನಾಲ್ಕು ಕೆಜಿ ಇರಬೇಕು.

"ಅದು ಕೈಗುಣ, ಎಲ್ಲರಿಗೂ ಬರಲ್ಲ" ಅಂದರು ಅತ್ತೆ. ಓರಗಿತ್ತಿ ಅಂದಳು, "ಅಕ್ಕ, ಸುಮ್ಮನೆ ತಗೊಂಡುಬಿಡಿ, ಯಾರು ನೋಡ್ತಾರೆ." ಗೃಹಪ್ರವೇಶಕ್ಕೆ ಅಡುಗೆಗೆ ಬಂದಿದ್ದ ಭಟ್ಟರನ್ನೂ ಕೇಳಿದ್ದೆ. ಅವರು ನಕ್ಕು, "ಅಮ್ಮಾ, ನಾವೇ ಅಚ್ಚು ಹೊರಗಡೆಯಿಂದ ತರಿಸ್ತೀವಿ" ಅಂದರು.

ನನಗೆ ಇನ್ನೊಂದು ಚಟ ಇದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಸಿಹಿತಿಂಡಿಯ ವಿಡಿಯೋ ನೋಡೋದು. ಹಳೇ ವಾರಪತ್ರಿಕೆಗಳ ಅಡುಗೆ ಪುಟ ಕತ್ತರಿಸಿ ಇಟ್ಟಿದ್ದ ಫೈಲ್ ಇನ್ನೂ ಇದೆ, ಈಗ ಅದರ ಜಾಗಕ್ಕೆ ಫೋನ್ ಬಂದಿದೆ. ನಮ್ಮವರ ವಿಡಿಯೋಗಳಲ್ಲಿ ಪಾಕ ಅಂದರೆ "ಒಂದೆಳೆ", "ಒಂದೂವರೆ ಎಳೆ", "ಎರಡೆಳೆ ಬರೋಕೆ ಸ್ವಲ್ಪ ಮುಂಚೆ". ಅವರು ಬೆರಳಲ್ಲಿ ಎಳೆದು ತೋರಿಸೋ ಹೊತ್ತಿಗೆ ಬಾಣಲೆಯ ಪಾಕ ಮುಂದಕ್ಕೆ ಹೋಗಿರುತ್ತೆ. ವಿದೇಶದ ಮಿಠಾಯಿಯವರು ಎಳೆ ಪಳೆ ಏನೂ ನೋಡಲ್ಲ, ಥರ್ಮಾಮೀಟರ್ ಇಳಿಬಿಟ್ಟು 116 ಡಿಗ್ರಿ ಅಂತಾರೆ, ಅಲ್ಲಿಗೆ ಮುಗೀತು. ನನಗೆ ಆ ಅಂಕಿ ಹಿಡಿಸಿತು. ಅಂಕಿಗೆ ಕೈಗುಣ ಬೇಡ.

ಮೊದಲು ತರಿಸಿದ್ದು ಗುರಿಯಿಟ್ಟು ಗುಂಡಿ ಒತ್ತೋ ಇನ್ಫ್ರಾರೆಡ್ ಥರ್ಮಾಮೀಟರ್. ಸಾವಿರದ ಇನ್ನೂರು ರೂಪಾಯಿ. ಪಾಕಕ್ಕೆ ಅದು ದಂಡ. ಮೇಲಿನ ನೊರೆಯ ಬಿಸಿ ತೋರಿಸುತ್ತೆ, ಒಳಗಿನದಲ್ಲ. ನೊರೆಗೆ 98 ಅನ್ನುತ್ತೆ, ಒಳಗೆ ಪಾಕ ಕ್ಯಾರಮೆಲ್ ಆಗೋ ದಾರಿಯಲ್ಲಿರುತ್ತೆ. ಈಗ ಅದನ್ನು ದೋಸೆ ಹೆಂಚಿಗೆ ಬಳಸ್ತೀನಿ, ಅದಕ್ಕೆ ಚೆನ್ನಾಗಿದೆ. ಆಮೇಲೆ ಕಡ್ಡಿ ಚುಚ್ಚೋ ಡಿಜಿಟಲ್ ಥರ್ಮಾಮೀಟರ್ ತಗೊಂಡೆ, ನಾನೂರೈವತ್ತೋ ಐನೂರೋ. ಅದನ್ನು ಪಾಕಕ್ಕೆ ಇಳಿಬಿಟ್ಟಿದ್ದು ನೋಡಿ ಅತ್ತೆ, "ಏನಾಗಿದೆ ಅದಕ್ಕೆ, ಜ್ವರವಾ?" ಅಂದರು. ಅಡುಗೆಮನೆಯಲ್ಲಿ ಇದ್ದವರೆಲ್ಲ ನಕ್ಕರು.

ಇನ್ನೂ ನಗೋ ಹಾಗೆ ಆಗಿದ್ದು ಅದರ ಮುಂದಿನದು. 116ಕ್ಕೆ ಇಳಿಸಿ ಸೌಟು ಆಡಿಸಿದೆ, ಅಚ್ಚಿನ ಹತ್ತಿರ ಹೋಗೋ ಮೊದಲೇ ಪಾತ್ರೆಯಲ್ಲಿ ಕಲ್ಲು. ಮತ್ತೆ ಮಾಡಿದೆ, ಮತ್ತೆ ಕಲ್ಲು. ವಿಡಿಯೋದವರದ್ದು ಹೊಳೆಯೋ ಹಾಗೆ ನಯವಾಗಿ ಸುರಿಯುತ್ತೆ, ನನ್ನದು ಸೌಟಿಗೇ ಅಂಟಿ ನಿಲ್ಲುತ್ತೆ. ಥರ್ಮಾಮೀಟರ್ ಸುಳ್ಳು ಹೇಳ್ತಿದೆಯಾ ಅಂತ ಕುದಿಯೋ ನೀರಿಗೆ ಇಟ್ಟೆ. 97 ತೋರಿಸಿತು. ಶಾಲೆಯಲ್ಲಿ ನೀರು ಕುದಿಯೋದು 100ಕ್ಕೆ ಅಂತ ಕಲಿತಿದ್ದು. ವಾಪಸ್ ಕಳಿಸೋಕೆ ಪ್ಯಾಕ್ ಮಾಡ್ತಿದ್ದಾಗ ಇಂಜಿನಿಯರಿಂಗ್ ಓದ್ತಿರೋ ಮಗ ತಡೆದ. "ಅಮ್ಮಾ, ಅದು ಸರಿಯಾಗೇ ಇದೆ, ಬೆಂಗಳೂರು ಎತ್ತರದಲ್ಲಿದೆ" ಅಂದ. ಸಮುದ್ರಮಟ್ಟದಿಂದ ಒಂಬೈನೂರು ಮೀಟರಿನ ಮೇಲಿದ್ದೀವಿ ನಾವು. ಸುಮಾರು ಮುನ್ನೂರು ಮೀಟರಿಗೆ ಒಂದು ಡಿಗ್ರಿಯ ಲೆಕ್ಕದಲ್ಲಿ ಕುದಿಬಿಂದು ಇಳಿಯುತ್ತೆ. ನೀರಿಗೆ ಎಷ್ಟು ಇಳಿಯುತ್ತೋ ಪಾಕಕ್ಕೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಅವರ 116, ನಮ್ಮ ಅಡುಗೆಮನೆಯಲ್ಲಿ 113. ನಾನು 116 ಅಂತ ಕಾಯಿಸ್ತಿದ್ದದ್ದು ಅವರ ಲೆಕ್ಕದಲ್ಲಿ 119, ಅಂದರೆ ತಣ್ಣೀರಿಗೆ ಬಿಟ್ಟರೆ ಗಟ್ಟಿ ಉಂಡೆ ಕಟ್ಟೋ ಪಾಕ. ಕಲ್ಲಾಗದೆ ಇನ್ನೇನಾಗುತ್ತೆ?

ಈ ಮೂರು ಡಿಗ್ರಿ ನನಗೆ ಎರಡು ಸಂಕ್ರಾಂತಿ ತಿಂದಿತು. ಈಗ ಯಾವ ವಿಡಿಯೋ ನೋಡಿದರೂ ಮೊದಲು ಮೂರು ಕಳೀತೀನಿ, ಮೈಸೂರು ಪಾಕಿನಿಂದ ಹಿಡಿದು ಚಿಕ್ಕಿಯವರೆಗೆ. ಮೈಸೂರಿನವರಾದರೆ ಎರಡೂವರೆ ಸಾಕು. ಮಂಗಳೂರಿನಲ್ಲಿರೋ ತಂಗಿಗೆ ನನ್ನ ಅಂಕಿ ಕೊಟ್ಟಾಗ ಅವಳ ಅಚ್ಚು ಮೆತ್ತಗೆ ಉಳೀತು. ಅವಳು ನೀರು ಕುದಿಸಿ ನೋಡಿದಾಗ 100, ಅವಳಿಗೆ ಕಳೆಯೋದೇ ಬೇಡ. ಆಮೇಲೆ ಸರಿಯಾಗಿ ಕಾಯಿಸಿ ಮಾಡಿದಳು, ಗಟ್ಟಿಯಾಯಿತು, ಆದರೆ ಅಲ್ಲಿನ ಹವೆಗೆ ಎರಡೇ ದಿನದಲ್ಲಿ ಬೆವರಿತು. ಅದು ಬೇರೆ ಕಥೆ. ಹಾಗಾಗಿ ನನ್ನ ಅಂಕಿಯನ್ನು ಹಾಗೇ ನಕಲು ಮಾಡಬೇಡಿ. ನಿಮ್ಮ ಮನೆ ನೀರು ಎಷ್ಟಕ್ಕೆ ಕುದಿಯುತ್ತೆ ನೋಡಿ, ಅದರ ಮೇಲೆ ಹದಿನೇಳು ಡಿಗ್ರಿ ಕೂಡಿಸಿ. ಅಚ್ಚಿಗೆ ನನಗೆ ಸರಿಬಂದಿದ್ದು ಅದು. ನಮ್ಮಲ್ಲಿ 114. ಮೋಡ ಇದ್ದರೆ 115.

ಕಾಯಿಸೋ ಲೆಕ್ಕ ಸಿಕ್ಕಿತು, ಆದರೂ ಒಂದು ಪಾಕಕ್ಕೆ ಒಂದೇ ಜೊತೆ. ಯಾಕೆಂದರೆ ಉಜ್ಜೋಕೆ ಶುರುಮಾಡಿದ ಮೇಲೆ ಹರಳು ಯಾವಾಗ, ಎಷ್ಟು ಹುಟ್ಟುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಶುರುವಾದರೆ ಒಮ್ಮೆಗೇ ಎಲ್ಲ.

ದಾರಿ ತೋರಿಸಿದ್ದು ಚಾಕೊಲೇಟ್. ಕ್ರಿಸ್‌ಮಸ್ ಹೊತ್ತಿಗೆ ಬರೋ ಚಾಕೊಲೇಟ್ ವಿಡಿಯೋಗಳಲ್ಲಿ ಕರಗಿಸಿದ ಚಾಕೊಲೇಟಿಗೆ ಕೊನೆಯಲ್ಲಿ ಒಂದು ಹಿಡಿ ಗಟ್ಟಿ ಚಾಕೊಲೇಟಿನ ಚೂರು ಹಾಕಿ ತಿರುಗಿಸ್ತಾರೆ, ನೋಡಿರಬಹುದು. ಆ ಚೂರಿನ ಹರಳು ಉಳಿದದ್ದಕ್ಕೆ ಮಾದರಿಯಾಗುತ್ತೆ, ಅದಕ್ಕೇ ಹೊಳಪು ಬರುತ್ತೆ, ಮುರಿದರೆ ಟಕ್ ಅನ್ನುತ್ತೆ. ಹೆಪ್ಪು ಹಾಕಿದ ಹಾಗೆ ಅಷ್ಟೆ. ಸಕ್ಕರೆಗೂ ಯಾಕೆ ಹೆಪ್ಪು ಹಾಕಬಾರದು? ಪಾತ್ರೆಯ ಗೋಡೆಗೆ ಉಜ್ಜಿ ಹರಳು ಹುಟ್ಟಿಸೋ ಬದಲು, ನುಣ್ಣಗೆ ಪುಡಿಮಾಡಿದ ಸಕ್ಕರೆಯನ್ನೇ ಹಾಕಿದರೆ ಒಂದೇ ಅಳತೆಯ ಸಾವಿರಾರು ಸಣ್ಣ ಹರಳು ಒಟ್ಟಿಗೆ ಸಿಕ್ಕ ಹಾಗಾಯಿತಲ್ಲ.

ಹೇಳಿದಾಗ ಯಾರೂ ಒಪ್ಪಲಿಲ್ಲ. ಪಾಕಕ್ಕೆ ಒಂದು ಕಾಳು ಸಕ್ಕರೆ ಬಿದ್ದರೂ ಕೆಡುತ್ತೆ ಅಂತ ತಲೆತಲಾಂತರದಿಂದ ಕಲಿತ ಮನೆ ಇದು. ಪಾತ್ರೆ ಅಂಚಿನ ಸಕ್ಕರೆಯನ್ನು ಒದ್ದೆ ಬಟ್ಟೆಯಿಂದ ಒರೆಸೋ ಮನೆಯಲ್ಲಿ ಚಮಚಗಟ್ಟಲೆ ಪುಡಿ ಸುರೀತೀನಿ ಅಂದರೆ! "ಹರಳು ಹರಳಾಗಿ ನಾಲಿಗೆ ಕೊಯ್ಯುತ್ತೆ" ಅಂದರು ಅತ್ತೆ. ಮೊದಲ ಸಲ ಆಗಿದ್ದೂ ಹಾಗೇ, ಅವರ ಮಾತೇ ಗೆದ್ದಿತು. 114ರಲ್ಲೇ ಪುಡಿ ಹಾಕಿದ್ದೆ, ಅಷ್ಟು ಬಿಸಿಗೆ ಪುಡಿ ಬಹುಪಾಲು ಕರಗಿಹೋಗುತ್ತೆ, ಉಳಿದ ಚೂರುಪಾರು ದಪ್ಪ ಹರಳು ಕಟ್ಟುತ್ತೆ. ಅಂಗಡಿಯ ಐಸಿಂಗ್ ಸಕ್ಕರೆಯೂ ಹಾಕಿ ನೋಡಿದೆ. ಅದರಲ್ಲಿ ಕಾರ್ನ್ ಫ್ಲೋರ್ ಸೇರಿಸಿರ್ತಾರೆ, ಅಚ್ಚು ಸುಣ್ಣದ ಹಾಗೆ ಮಂಕಾಯಿತು. ತಿಂದರೆ ಬಾಯಲ್ಲಿ ಹಿಟ್ಟು.

ಈಗ ನಾನು ಮಾಡೋದು ಹೀಗೆ. ಕೊಳೆ ತೆಗೆದು ಸೋಸಿದ ಪಾಕ ಅರ್ಧ ಕೆಜಿ ಸಕ್ಕರೆಯದ್ದು, ದಪ್ಪ ತಳದ ಪಾತ್ರೆಯಲ್ಲಿ ದೊಡ್ಡ ಉರಿಯಲ್ಲಿ. ಸೌಟು ಹಾಕಲ್ಲ. ಅಂಚಿಗೆ ಸಿಡಿದಿದ್ದನ್ನು ಒದ್ದೆ ಬ್ರಷ್ಷಿನಿಂದ ಕೆಳಗಿಳಿಸ್ತೀನಿ. 108ರವರೆಗೆ ನಿಧಾನ ಅನ್ನಿಸುತ್ತೆ, ಅಲ್ಲಿಂದ 114ಕ್ಕೆ ಹಾರಿಬಿಡುತ್ತೆ, ಅಲ್ಲಿ ಫೋನ್ ಬಂದರೆ ಎತ್ತಬೇಡಿ. 114 ಆದ ತಕ್ಷಣ ಇಳಿಸಿ ಒದ್ದೆ ಬಟ್ಟೆಯ ಮೇಲೆ ಇಡ್ತೀನಿ. ಚುಸ್ ಅನ್ನುತ್ತೆ, ಅಲ್ಲಿಗೆ ಕಾಯೋದು ನಿಲ್ಲುತ್ತೆ. ಆಮೇಲೆ ಮುಟ್ಟದೆ ಬಿಡಬೇಕು. ಅಲುಗಾಡಿಸಲೂ ಬಾರದು. 103, 102ಕ್ಕೆ ಇಳಿಯೋಕೆ ಮೂರು ನಾಲ್ಕು ನಿಮಿಷ ಬೇಕು. ಈ ಹೊತ್ತಲ್ಲಿ ನೆನೆದ ಅಚ್ಚುಗಳ ನೀರು ಕೊಡವಿ, ರಬ್ಬರ್ ಬ್ಯಾಂಡ್ ಬಿಗಿದು, ಬಾಯಿ ಮೇಲೆ ಮಾಡಿ ಸಾಲಾಗಿ ನಿಲ್ಲಿಸಿಕೊಳ್ತೀನಿ. 102ಕ್ಕೆ ಪುಡಿ, ಒಂದು ಟೀ ಚಮಚ, ತಲೆ ತಟ್ಟಿ. ಸೌಟಿನಿಂದ ತಳ ಮುಟ್ಟೋ ಹಾಗೆ ತಿರುಗಿಸೋದು. ಮೊದಲ ಹತ್ತು ಸುತ್ತಿಗೆ ಏನೂ ಆಗಲ್ಲ, ಗಾಜಿನ ಥರ ತಿಳಿಯಾಗೇ ಇರುತ್ತೆ. ಗಾಬರಿಯಾಗಿ ಇನ್ನೊಂದು ಚಮಚ ಹಾಕಬೇಡಿ. ಇಪ್ಪತ್ತರ ಹೊತ್ತಿಗೆ ತಳದಿಂದ ಮಬ್ಬು ಏಳುತ್ತೆ, ಆಮೇಲೆ ಇಡೀ ಪಾಕ ಅಕ್ಕಚ್ಚಿನ ಬಣ್ಣಕ್ಕೆ ಬರುತ್ತೆ, ಸೌಟು ಸ್ವಲ್ಪ ಭಾರ ಅನ್ನಿಸುತ್ತೆ. ಅದೇ ಹದ. ಅಲ್ಲಿಂದ ಸುಮಾರು ಒಂದೂವರೆ ನಿಮಿಷ ಸಮಯ ಇದೆ. ಮೊದಲು ಹತ್ತು ಸೆಕೆಂಡು ಇದ್ದ ಕಡೆ ಒಂದೂವರೆ ನಿಮಿಷ! ನಾಲ್ಕು ಜೊತೆ ತುಂಬಿ, ಸೌಟು ನೆಕ್ಕೋ ಮಕ್ಕಳನ್ನು ಬೈಯೋಕೂ ಪುರುಸೊತ್ತು.

ಆ ಪುಡಿಯನ್ನು ಯಾವುದರಿಂದ ಮಾಡ್ತೀನಿ ಅಂತ ಕೇಳಬೇಡಿ. ಮಿಕ್ಸಿಯಲ್ಲಿ ಮಾಮೂಲಿ ಸಕ್ಕರೆ ಪುಡಿಮಾಡಿ, ವಸ್ತ್ರಗಾಳಿತ ಮಾಡಿಕೊಂಡರೂ ನಡೆಯುತ್ತೆ, ಮುಕ್ಕಾಲು ಪಾಲು ಫಲ ಸಿಗುತ್ತೆ. ಉಳಿದ ಕಾಲು ಪಾಲು ನನ್ನ ಹತ್ತಿರ ಇರಲಿ. ಅಚ್ಚು ನೆನೆಹಾಕೋ ನೀರಿಗೆ ನಾನು ಹಾಕೋ ಇನ್ನೊಂದು ವಸ್ತುವೂ ಇದೆ, ಅದನ್ನು ಓರಗಿತ್ತಿಗೇ ಹೇಳಿಲ್ಲ.

ಬಿಡಿಸೋದು ಹತ್ತು ಹನ್ನೆರಡು ನಿಮಿಷಕ್ಕೆ. ಹಲಗೆ ಉಗುರುಬೆಚ್ಚಗೆ ಆಗಿರಬೇಕು. ಪೂರಾ ತಣ್ಣಗಾಗೋಕೆ ಬಿಟ್ಟರೆ ಸಣ್ಣ ಗೆರೆಗಳಲ್ಲಿ ಹಿಡಿದುಕೊಳ್ಳುತ್ತೆ. ಒಂದು ಹಲಗೆಯನ್ನು ನೆಲಕ್ಕೆ ಒತ್ತಿ ಹಿಡಿದು ಇನ್ನೊಂದನ್ನು ನೇರ ಮೇಲಕ್ಕೆ ಎತ್ತಿ, ಓರೆ ಎತ್ತಿದರೆ ಕೊಕ್ಕು ಹೋಯಿತು.

ಹಲಗೆಯ ವಿಷಯಕ್ಕೆ ಬಂದರೆ, ನನ್ನ ಹತ್ತಿರ ಅಮ್ಮನ ಕಾಲದ ಎರಡು ಜೊತೆ, ನಾನು ಕೊಂಡಿದ್ದು ಎರಡು. ಕೊಂಡಿದ್ದಕ್ಕೆ ಜೊತೆಗೆ ಎಂಟುನೂರರ ಹತ್ತಿರ ಆಯಿತು. ಹಳೇದರ ಕೆತ್ತನೆ ಆಳ, ಬಸವನ ಕೊರಳ ಗಂಟೆಯೂ ಕಾಣುತ್ತೆ. ಹೊಸದರಲ್ಲಿ ನವಿಲಿಗೂ ಕೋಳಿಗೂ ವ್ಯತ್ಯಾಸ ಹುಡುಕಬೇಕು. ಮಧ್ಯೆ ಸಿಲಿಕಾನ್ ಅಚ್ಚಿನ ಮೋಹವೂ ಹತ್ತಿತ್ತು, ಕೇಕ್ ಮಾಡೋರ ವಿಡಿಯೋ ನೋಡಿ. ಬಿಡಿಸೋಕೆ ಅದರಷ್ಟು ಸುಲಭ ಯಾವುದೂ ಇಲ್ಲ, ಒತ್ತಿದರೆ ಹೊರಗೆ. ಆದರೆ ಮರ ನೀರು ಹೀರುತ್ತೆ, ಸಿಲಿಕಾನ್ ಹೀರಲ್ಲ, ಬೆನ್ನು ಬಹಳ ಹೊತ್ತು ಒದ್ದೆಯಾಗೇ ಇರುತ್ತೆ. ಮೇಲಾಗಿ ಒಂದೇ ಮಗ್ಗುಲು. ಹಿಂದೆ ಚಪ್ಪಟೆ ಇರೋ ಆನೆಯನ್ನು ಎಳ್ಳಿನ ಜೊತೆ ಕೊಟ್ಟರೆ ಹಿರಿಯರು ತಿರುಗಿಸಿ ನೋಡಿ ಸುಮ್ಮನಾಗ್ತಾರೆ, ಆ ಸುಮ್ಮನಿರೋದು ನನಗೆ ಸಹಿಸಲ್ಲ.

ಮಗ ಕಾಲೇಜಿನಲ್ಲಿ ತ್ರೀಡಿ ಪ್ರಿಂಟರಿನಲ್ಲಿ ಒಂದು ಜೊತೆ ಮಾಡಿಕೊಟ್ಟ. ನೋಡೋಕೆ ಎಷ್ಟು ಚೆಂದ ಅಂತೀರಿ, ವಿಧಾನಸೌಧದ ಆಕಾರ, ಕಂಬಗಳು ಸಮೇತ. ಪಾಕ ಹೊಯ್ದ ಮೇಲೆ ವಿಧಾನಸೌಧ ಬಲಕ್ಕೆ ವಾಲಿತು. ಆ ಪ್ಲಾಸ್ಟಿಕ್ ಅರವತ್ತು ಡಿಗ್ರಿಗೇ ಮೆತ್ತಗಾಗುತ್ತಂತೆ, ನಾವು ಸುರಿಯೋದು ನೂರರಲ್ಲಿ. ತಿನ್ನೋ ಪದಾರ್ಥಕ್ಕೆ ಅದು ಹೇಗೂ ಬೇಡ ಅಂತ ಆಸೆ ಬಿಟ್ಟೆ. ವಾಲಿದ ವಿಧಾನಸೌಧವನ್ನು ಮನೆಯವರು ಇನ್ನೂ ಟೇಬಲ್ ಮೇಲೆ ಇಟ್ಟುಕೊಂಡಿದ್ದಾರೆ.

ಬಿಳಿ ಬಣ್ಣದ ಬಗ್ಗೆ ಎರಡು ಮಾತು. ಹಾಲು ಜಾಸ್ತಿ ಹಾಕಿದಷ್ಟೂ ಬೆಳ್ಳಗಾಗುತ್ತೆ ಅನ್ನೋದು ತಪ್ಪು. ಹಾಲಿನ ಒಡಕು ಕೊಳೆಯನ್ನು ಹಿಡಿದು ಮೇಲೆ ತರುತ್ತೆ ಸರಿ, ಆದರೆ ಸೋಸಿದ ಮೇಲೂ ಉಳಿಯೋ ಹಾಲಿನ ಅಂಶ ದೊಡ್ಡ ಉರಿಯಲ್ಲಿ ಕೆನೆಬಣ್ಣಕ್ಕೆ ತಿರುಗುತ್ತೆ. ಕೆಜಿಗೆ ಕಾಲು ಲೋಟಕ್ಕಿಂತ ಕಡಿಮೆ, ಅದಕ್ಕೆ ಅಷ್ಟೇ ನೀರು ಬೆರೆಸಿ, ಎರಡು ಸಲವಾಗಿ. ನಿಂಬೆಹಣ್ಣಂತೂ ಕೈ ತಪ್ಪಿದರೆ ಮುಗೀತು. ಹುಳಿ ಸಕ್ಕರೆಯನ್ನು ಒಡೆಯುತ್ತೆ, ಆ ಒಡೆದ ಸಕ್ಕರೆ ಹರಳು ಕಟ್ಟೋಕೆ ಬಿಡಲ್ಲ, ಗಾಳಿಯ ನೀರನ್ನೂ ಎಳೆಯುತ್ತೆ. ಜಾಮೂನು ಪಾಕಕ್ಕೆ ಅದು ಬೇಕು, ಅಚ್ಚಿಗೆ ಶತ್ರು. ನಾನು ಕೆಜಿಗೆ ನಾಲ್ಕೈದು ತೊಟ್ಟು ಹಾಕ್ತಿದ್ದೆ, ಈ ವರ್ಷ ಅದನ್ನೂ ಬಿಟ್ಟೆ, ಏನೂ ಕಡಿಮೆಯಾಗಲಿಲ್ಲ. ಪ್ಯಾಕೆಟ್ ಮೇಲೆ ಸಲ್ಫರ್ ಇಲ್ಲ ಅಂತ ಬರೆದಿರೋ ಸಕ್ಕರೆ ಅರವತ್ತರ ಹತ್ತಿರ ಬೀಳುತ್ತೆ. ಅದಾದರೆ ಒಂದೇ ಸಲ ಕೊಳೆ ತೆಗೆದರೆ ಸಾಕು. ಸಮಯಕ್ಕೆ ಬೆಲೆ ಕಟ್ಟೋದಾದರೆ ಅದೇ ಅಗ್ಗ.

ಬಣ್ಣದ ಅಚ್ಚು ಮಕ್ಕಳಿಗೆ ಇಷ್ಟ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಹಾಕೋದನ್ನು ನಮ್ಮ ರಾಜ್ಯ ಸರ್ಕಾರ ನಿಷೇಧಿಸಿದಾಗ ರೊಡಮೈನ್-ಬಿ ಅನ್ನೋ ಕೃತಕ ಗುಲಾಬಿ ಬಣ್ಣದ ಹೆಸರು ಎಲ್ಲರ ಬಾಯಲ್ಲಿತ್ತು. ಆಗಲೇ ನಮ್ಮ ಮನೆಯ ಗುಲಾಬಿ ಬಣ್ಣದ ಡಬ್ಬಿ ಕಸಕ್ಕೆ ಹೋಯಿತು. ಆಮೇಲೆ ತರಕಾರಿ ಬಣ್ಣಗಳ ಸರದಿ. ಬೀಟ್‌ರೂಟ್ ರಸ ಪಾಕದಲ್ಲಿ ಇಟ್ಟಿಗೆ ಬಣ್ಣಕ್ಕೆ ಬಂತು, ಅದಕ್ಕೆ ಬಿಸಿ ಆಗಲ್ಲ. ಪಾಲಕ್ ಹಾಕಿದ ಗಿಳಿ ಕೆಸರು ಬಣ್ಣ. ಅರಿಶಿನ ನಿಲ್ಲುತ್ತೆ, ಆದರೆ ಮರದ ಹಲಗೆಗೂ ನಿಂತುಬಿಡುತ್ತೆ, ಆಮೇಲಿನ ನಾಲ್ಕು ಘಾಣ ಬಿಳಿ ಅಚ್ಚು ಹಳದಿ ಕಲೆ ಹೊತ್ತೇ ಬಂದವು. ಗೆದ್ದಿದ್ದು ಕೇಸರಿ ಮತ್ತು ಶಂಖಪುಷ್ಪ. ಹಿತ್ತಲಿನ ಶಂಖಪುಷ್ಪ ಒಣಗಿಸಿ, ಬಿಸಿನೀರಲ್ಲಿ ಕಡುವಾಗಿ ಬಣ್ಣ ಬಿಡಿಸಿ, ಪುಡಿ ಹಾಕೋ ಮೊದಲು ಅರ್ಧ ಚಮಚ ಸೇರಿಸಿದರೆ ತಿಳಿನೀಲಿ ನವಿಲು. ಅದೇ ನೀರಿಗೆ ಒಂದು ತೊಟ್ಟು ನಿಂಬೆ ಬಿದ್ದರೆ ನೇರಳೆ. ನಿಂಬೆ ಬೇಡ ಅಂತ ಮೇಲೆ ಹೇಳಿದ್ದು ನಿಜ, ಒಂದು ತೊಟ್ಟಿಗೆ ಏನೂ ಆಗಲ್ಲ.

ಕುಸುರೆಳ್ಳಿನ ಹುಚ್ಚೂ ಒಂದು ಚಳಿಗಾಲ ಹಿಡಿದಿತ್ತು. ಎದುರು ಮನೆಗೆ ಧಾರವಾಡದವರು ಬಂದಿದ್ದರು. ಅವರ ತಟ್ಟೆಯಲ್ಲಿ ಮುಳ್ಳು ಮುಳ್ಳಾಗಿ ನಿಂತ ಎಳ್ಳು ನೋಡಿ ತಡೆಯಲಾಗಲಿಲ್ಲ. ಅಗಲ ತಟ್ಟೆಯಲ್ಲಿ ಎಳ್ಳು, ಕೆಳಗೆ ಸಣ್ಣ ಕೆಂಡದಷ್ಟು ಉರಿ, ತೆಳು ಪಾಕ ಚಮಚದಲ್ಲಿ ಬಿಟ್ಟು ಬೆರಳಿನಿಂದ ಹಗುರವಾಗಿ ಆಡಿಸುತ್ತಾ ಕೂರಬೇಕು. "ಗಡಿಬಿಡಿ ಮಾಡಬ್ಯಾಡ್ರಿ, ಪೂರಾ ಒಣಗಿದ ಮ್ಯಾಲ ಇನ್ನೊಂದ ಚಮಚಾ" ಅಂತ ಅವರು ಪಕ್ಕದಲ್ಲೇ ಕೂತು ಹೇಳುತ್ತಿದ್ದರೂ ನನ್ನದು ಎರಡು ದಿನಕ್ಕೆ ಎಳ್ಳುಂಡೆಯಾಯಿತು. ಕಾಲು ಕೆಜಿ ಎಳ್ಳು, ಬೆರಳ ತುದಿ ಎರಡು ಗುಳ್ಳೆ. ಅವರ ಕೈಗೆ ನಮಸ್ಕಾರ ಹಾಕಿ ಅಚ್ಚಿಗೇ ವಾಪಸ್ ಬಂದೆ.

ಈಗ ಲೆಕ್ಕ. ಈ ಸಲ ಮನೆಗೆ ಮೂರು, ಹೊರಗೆ ಏಳೆಂಟು ಕೆಜಿ ಮಾಡಿದೆ. ಮೊದಲು ಒಂದು ಕೆಜಿಗೆ ಹೋಗುತ್ತಿದ್ದ ಹೊತ್ತಲ್ಲಿ ಈಗ ಆರಾಮಾಗಿ ಮೂರು ಆಗುತ್ತೆ. ಸಕ್ಕರೆ, ಗ್ಯಾಸ್, ಹಾಲು, ಡಬ್ಬಿ ಎಲ್ಲ ಸೇರಿ ಕೆಜಿಗೆ ನೂರು ರೂಪಾಯಿ ದಾಟಲ್ಲ. ಕೊಟ್ಟಿದ್ದು ಮುನ್ನೂರಕ್ಕೆ. ಮುರಿದಿದ್ದು, ಕಿವಿ ಹೋಗಿದ್ದು ಹತ್ತಕ್ಕೆ ಒಂದು ಅಂತಿಟ್ಟುಕೊಳ್ಳಿ, ಅದನ್ನು ತೂಕಕ್ಕೆ ಸೇರಿಸಲ್ಲ. ಹೊರಗೆ ಮಾರೋದಾದರೆ ಮನೆಯಲ್ಲೇ ಮಾಡಿದರೂ ಆಹಾರ ಸುರಕ್ಷತೆ ನೋಡಿಕೊಳ್ಳೋ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣ ವಹಿವಾಟಿಗೆ ನಾನು ಕಟ್ಟಿದ್ದು ವರ್ಷಕ್ಕೆ ನೂರು ರೂಪಾಯಿ, ಅಷ್ಟಕ್ಕೆ ಅಂಜಬೇಡಿ. ಇನ್ಫ್ರಾರೆಡ್ ಗನ್ನು, ಸಿಲಿಕಾನು, ಹಾಳಾದ ಸಕ್ಕರೆ ಎಲ್ಲ ಇಷ್ಟು ವರ್ಷದ್ದು ಕೂಡಿಸಿದರೆ ಐದು ಸಾವಿರದ ಮೇಲೆ ಹೋಗಿದೆ, ಅದು ಇನ್ನೂ ಪೂರ್ತಿ ಹುಟ್ಟಿಲ್ಲ. ಮನೆಯವರು ಅದನ್ನು ನೆನಪಿಸ್ತಾನೇ ಇರ್ತಾರೆ.

ಇಡೋದು ಸ್ಟೀಲ್ ಡಬ್ಬಿಯಲ್ಲಿ, ಪದರ ಪದರಕ್ಕೂ ಕಾಗದ. ಬಿಡಿಸಿದ ದಿನವೇ ಮುಚ್ಚಬೇಡಿ, ಫ್ಯಾನಿನ ಕೆಳಗೆ ಒಂದು ರಾತ್ರಿ ಒಣಗಲಿ. ಫ್ರಿಜ್ಜಿನ ಹತ್ತಿರವೂ ಒಯ್ಯಬೇಡಿ.

ಇನ್ನೂ ಒಪ್ಪದೆ ಉಳಿದಿರೋದು ದೊಡ್ಡ ತೇರು. ಅಂಗೈಗಿಂತ ದೊಡ್ಡ ಅಚ್ಚು ಗಟ್ಟಿಯಾಗಿ ತುಂಬಿದರೆ ಹೊರಗೆ ಹರಳು ಕಟ್ಟಿ ಒಳಗೆ ಪಾಕ ಹಾಗೇ ಇರುತ್ತೆ, ಬಿಡಿಸಿದ ಮೇಲೆ ಮಧ್ಯಕ್ಕೆ ಸೀಳುತ್ತೆ. ಧಾರವಾಡದ ಎದುರು ಮನೆಯವರಿಗೆ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ, ಅಂದರೆ ಆರತಿ ತಟ್ಟೆಗೆ ಇಡೋ ಸಕ್ಕರೆ ಗೊಂಬೆ ಬೇಕಂತೆ, ಮಗನಿಗೆ ಹೆಣ್ಣು ಗೊತ್ತಾಗಿದೆ, ಬೀಗರ ಮನೆಗೆ ಕಳಿಸೋಕೆ. ನವೆಂಬರಿಗೆ ಮಾಡಿಕೊಡ್ತೀನಿ ಅಂತ ಒಪ್ಪಿಕೊಂಡುಬಿಟ್ಟಿದ್ದೀನಿ. ಈಗ ಟೊಳ್ಳು ಮಾಡೋ ಅಭ್ಯಾಸ ನಡೀತಿದೆ. ಪಾಕ ತುಂಬಿ, ಅಂಚು ಕಟ್ಟಿದ ಮೇಲೆ ಬಗ್ಗಿಸಿ ಒಳಗಿನದನ್ನು ವಾಪಸ್ ಸುರಿದುಕೊಳ್ಳೋದು. ಎರಡು ನಿಮಿಷಕ್ಕೆ ಬಗ್ಗಿಸಿದರೆ ಗೋಡೆ ತೆಳ್ಳಗಾಗಿ ಬೆರಳು ಒಳಗೆ ಹೋಗುತ್ತೆ, ನಾಲ್ಕಕ್ಕೆ ಬಗ್ಗಿಸಿದರೆ ಬಾಯಿಯೇ ಕಟ್ಟಿಕೊಂಡಿರುತ್ತೆ. ಮೂರರ ಆಸುಪಾಸು ಎಲ್ಲೋ ಇದೆ. ಆದರೆ ಅಷ್ಟು ಹೊತ್ತು ಪಾಕ ನೀರಾಗೇ ಉಳಿಯಬೇಕಾದರೆ ಪುಡಿಯನ್ನು ಅರ್ಧ ಚಮಚಕ್ಕೆ ಇಳಿಸಬೇಕಾಗುತ್ತೆ, ಇಳಿಸಿದರೆ ಹರಳು ದಪ್ಪವಾಗುತ್ತೆ. ದಸರಾ ರಜೆಯಲ್ಲಿ ಐದು ಕೆಜಿ ಸಕ್ಕರೆ ಬೇರೆಯಾಗಿ ತೆಗೆದಿಡಿ ಅಂತ ಮನೆಯವರಿಗೆ ಹೇಳಿದ್ದೀನಿ.